ಜಲ್ಲಿ ನೆಲದ ಮಂದೆ

ಬೂಟಿಗೆ ಮೆತ್ತಿದ್ದ ಕುರಿಹಿಕ್ಕೆಯನ್ನು ಕಲ್ಲಿನ ಅಂಚಿಗೆ ಉಜ್ಜುತ್ತಿದ್ದ ಸಬ್ ಇನ್‌ಸ್ಪೆಕ್ಟರ್ ಶಿವಗಂಗಾ ಅರ್ಧಕ್ಕೇ ನಿಂತಳು.

ಹಿಮ್ಮಡಿ ಊರಿ, ಮುಂಗಾಲು ಎತ್ತಿ, ಒಂದೇ ಎಳೆತಕ್ಕೆ ಉಜ್ಜುವ ಈ ರೀತಿಯನ್ನು ಪೊಲೀಸ್ ತರಬೇತಿಯಲ್ಲಿ ಯಾರೂ ಕಲಿಸುವುದಿಲ್ಲ. ಕುರಿ ಹಟ್ಟಿಯಲ್ಲಿ ಆಡಿ ಬೆಳೆದ ಮಕ್ಕಳಿಗೆ ಅದು ತಾನಾಗಿ ಬರುತ್ತದೆ. ತಲೆ ಮರೆತದ್ದನ್ನು ಕಾಲು ಮರೆತಿರಲಿಲ್ಲ. ಅವಳು ಬೂಟನ್ನು ಬಿಟ್ಟು ನೆಲ ನೋಡಿದಳು. ನೋಡಿದಷ್ಟೂ ಮುಖ ಬಿಸಿಯಾಗುತ್ತ ಹೋಯಿತು.

"ಏನಾತು ಮೇಡಂ?" ಎಂದು ಹೆಡ್ ಕಾನ್‌ಸ್ಟೇಬಲ್ ಅನುಸೂಯ ಕೇಳಿದಳು. ಅವಳು ಆಗಲೇ ಮೊಬೈಲಿನಲ್ಲಿ ನಾಲ್ಕಾರು ಫೋಟೊ ತೆಗೆದು ಜೀಪಿನ ಕಡೆ ಮುಖ ಮಾಡಿದ್ದಳು.

ಬಂದಿದ್ದೇ ಫೋಟೊಗೆ. ತಾಳ್ಯದ ಕಡೆ ಹೋಗುವ ಅಡ್ಡದಾರಿಯಲ್ಲಿ ಪಾಳು ಬಿದ್ದ ಒಂದು ಕಲ್ಲುಗಣಿ, ಅದರ ಮುಂದೆ ಲಾರಿ ತಿರುಗುವಷ್ಟು ಬಯಲು. ಇಲ್ಲಿ ಏನೂ ನಡೆದಿಲ್ಲ ಎಂದು ಕೋರ್ಟಿಗೆ ತೋರಿಸಲು ಖಾಲಿ ನೆಲದ ಫೋಟೊ ಬೇಕಿತ್ತು. ಹೊಸದುರ್ಗದಿಂದ ಹುಬ್ಬಳ್ಳಿಗೆ ಹೊರಟ ಕೊಬ್ಬರಿ ಲೋಡು ಹುಬ್ಬಳ್ಳಿ ಮುಟ್ಟಲಿಲ್ಲ. ಲಾರಿ ಮಾತ್ರ ಖಾಲಿಯಾಗಿ ವಾಪಸು ಬಂತು. ಡ್ರೈವರ್ ತಿಪ್ಪೇರುದ್ರಪ್ಪನದು ಒಂದೇ ಮಾತು. ಟ್ರಾನ್ಸ್‌ಪೋರ್ಟ್ ಏಜೆಂಟ್ ಪರಮೇಶ ಫೋನ್ ಮಾಡಿ, ಹೊಳಲ್ಕೆರೆ ದಾಟುವುದು ಬೇಡ, ಕಲ್ಲುಗಣಿ ಹತ್ತಿರ ಇನ್ನೊಂದು ಲಾರಿ ನಿಂತಿದೆ, ಮಾಲು ಅದಕ್ಕೆ ದಾಟಿಸಿ ಬಾ ಅಂದ, ದಾಟಿಸಿದೆ. ಪರಮೇಶ ಮಾತ್ರ ತಾನು ಫೋನೇ ಮಾಡಿಲ್ಲ, ಡ್ರೈವರು ಕೊಬ್ಬರಿ ಮಾರಿಕೊಂಡಿದ್ದಾನೆ ಎಂದು ದೂರು ಬರೆದುಕೊಟ್ಟಿದ್ದ.

ಮೊನ್ನೆ ಶಿವಗಂಗಾ ಇದೇ ಬಯಲಿಗೆ ಬಂದು, ಲಾರಿ ಚಕ್ರದ ಒಂದು ಗೆರೆಯೂ ಕಾಣದೆ, ಠಾಣೆಗೆ ಹಿಂದಿರುಗಿ ಜಗಲಿಯ ಮೇಲೆ ಎಲ್ಲರೆದುರು ತಿಪ್ಪೇರುದ್ರಪ್ಪನ ಕೆನ್ನೆಗೆ ಬಾರಿಸಿದ್ದು ಕಳೆದ ವಾರ ಓದಿದವರಿಗೆ ನೆನಪಿರುತ್ತದೆ.

ಅವಳಿಗೂ ನೆನಪಿತ್ತು. ಮರೆಯಲು ತಿಪ್ಪಮ್ಮ ಬಿಡಬೇಕಲ್ಲ. ತಿಪ್ಪೇರುದ್ರಪ್ಪನ ಹೆಂಡತಿ ತಿಪ್ಪಮ್ಮ ಅಂದು ಬುತ್ತಿ ಹಿಡಿದು ಅದೇ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಮರುದಿನ ಬಂದು ಮೆಲ್ಲಗೆ ಹೇಳಿದ್ದಿಷ್ಟೆ: "ಹೊಡೆದಿದ್ದಕ್ಕೆ ನಾನು ಅಳ್ಳಿಲ್ಲ ಮೇಡಮ್ಮಾರೇ. ನನ್ನ ಮುಂದೆ ಹೊಡೆದ್ರಲ್ಲ, ಅವರೀಗ ನನ್ನ ಮಖ ನೋಡ್ತಿಲ್ಲ."

ಆ ಮಾತಿಗೆ ಶಿವಗಂಗಾ ಫೈಲು ತಿರುವುವ ಹಾಗೆ ನಟಿಸಿದ್ದಳು. ನಟನೆಯೂ ಚೆನ್ನಾಗಿರಲಿಲ್ಲ.

ಈಗ ಅವಳು ಬಯಲನ್ನು ಒಂದು ಸುತ್ತು ಹಾಕಿದಳು. ಹಿಕ್ಕೆ ಅಲ್ಲೊಂದು ಇಲ್ಲೊಂದು ಚೆಲ್ಲಿರಲಿಲ್ಲ. ಚಾಪೆ ಹಾಸಿದಂತೆ ದಪ್ಪಗೆ, ಚೌಕವಾಗಿ ಬಿದ್ದಿತ್ತು. ಚೌಕದ ಅಂಚಿನಲ್ಲಿ ಗೂಟ ಹೊಡೆದು ಕಿತ್ತ ಕುಳಿಗಳು. ಇದು ದಾರಿಯಲ್ಲಿ ಹಾದು ಹೋದ ಮಂದೆಯಲ್ಲ. ಸುತ್ತ ಬಲೆ ಕಟ್ಟಿ ರಾತ್ರಿಯಿಡೀ ತರುಬಿದ ಮಂದೆ.

ಮಂದೆ ತರುಬುವುದು ಯಾತಕ್ಕೆ ಎಂದು ಈ ಸೀಮೆಯ ಕೂಸಿಗೂ ಗೊತ್ತು. ಕೊಯ್ಲಾದ ಹೊಲಕ್ಕೆ ಗೊಬ್ಬರವಾಗಲಿ ಎಂದು ಹೊಲದವರು ಕುರಿಯವರನ್ನು ಕರೆಸುತ್ತಾರೆ. ಕುರಿ ಒಂದೆರಡು ರಾತ್ರಿ ಹೊಲದಲ್ಲಿ ಮಲಗುತ್ತವೆ, ಕುರಿಯವರಿಗೆ ರಾಗಿಯೋ ಜೋಳವೋ ರೊಕ್ಕವೋ ಸಿಗುತ್ತದೆ. ಆದರೆ ಇದು ಜಲ್ಲಿ ನೆಲ. ಇಲ್ಲಿ ಹುಲ್ಲು ಕಡ್ಡಿ ಏಳುವುದಿಲ್ಲ, ಹತ್ತಿರದಲ್ಲಿ ನೀರಿಲ್ಲ, ಚೂಪು ಕಲ್ಲಿಗೆ ಕುರಿಯ ಗೊರಸು ಸೀಳುತ್ತದೆ. ಬುದ್ಧಿ ನೆಟ್ಟಗಿರುವ ಯಾವ ಕುರಿಯವನೂ ಇಲ್ಲಿ ಬಲೆ ಬಿಚ್ಚುವುದಿಲ್ಲ. ಯಾರೋ ಕರೆಸಿದ್ದಾರೆ. ಕರೆಸಿದವರಿಗೆ ಬೇಕಾಗಿದ್ದು ಗೊಬ್ಬರವಲ್ಲ, ಕುರಿಗಳ ಕಾಲು. ಆ ಕಾಲುಗಳು ರಾತ್ರಿಯೆಲ್ಲ ತುಳಿದರೆ ಯಾವ ಲಾರಿಯ ಗುರುತು ಉಳಿದೀತು?

ಮೊನ್ನೆ ಈ ಹಿಕ್ಕೆ ಇಲ್ಲಿರಲಿಲ್ಲವೇ? ಇತ್ತು. ಇಷ್ಟೇ ಇತ್ತು. "ದಾರೀಲಿ ಹೋಗೋ ಮಂದೆ ನಿಂತಿರುತ್ತೆ ಬಿಡ್ರಿ ಮೇಡಂ" ಎಂದು ಅನುಸೂಯ ಅಂದಿದ್ದಳು. ಕುರಿಯ ವಿಷಯ ತನಗೇನು ಗೊತ್ತು ಎನ್ನುವ ಹಾಗೆ ಶಿವಗಂಗಾ ತಲೆಯಾಡಿಸಿದ್ದಳು. ಹಾಗೆ ತಲೆಯಾಡಿಸಿ ಅಭ್ಯಾಸವಾಗಿಬಿಟ್ಟಿತ್ತು. ಅಪ್ಪ ಏನು ಮಾಡುತ್ತಾರೆ ಎಂದು ಇಲಾಖೆಯಲ್ಲಿ ಯಾರು ಕೇಳಿದರೂ "ವ್ಯವಸಾಯ" ಎಂದು ಒಂದೇ ಪದದಲ್ಲಿ ಮುಗಿಸುವವಳು, ಹಿಕ್ಕೆ ಕಂಡರೆ ಮೂಗು ಮುಚ್ಚಿಕೊಳ್ಳಲೇಬೇಕಲ್ಲ. ಮೂಗಿನ ಜೊತೆ ಕಣ್ಣನ್ನೂ ಮುಚ್ಚಿಕೊಂಡಿದ್ದಳು. ಅದರ ಬೆಲೆಯನ್ನು ತಿಪ್ಪೇರುದ್ರಪ್ಪನ ಕೆನ್ನೆ ತೆತ್ತಿತ್ತು.

ಚೌಕದ ಹೊರಗೆ ಕುರಿಯವರು ಅಡುಗೆ ಮಾಡಿದ ಒಲೆಗುಂಡುಗಳಿದ್ದವು. ಮಸಿ ಹತ್ತಿದ ಮೂರು ಕಲ್ಲು. ಅವುಗಳಲ್ಲಿ ದೊಡ್ಡದರ ಬುಡಕ್ಕೆ ಶಿವಗಂಗಾ ಎರಡೂ ಕೈ ಹಾಕಿದಳು.

ಕಲ್ಲು ಮೇಲೆದ್ದಾಗ ಅನುಸೂಯ ಬಗ್ಗಿ ನೋಡಿದಳು. ಅಡಿಯಲ್ಲಿ, ಹಸಿ ಮಣ್ಣಿನಲ್ಲಿ ಒತ್ತಿ ಒಣಗಿದ ಜೋಡಿ ಚಕ್ರದ ಗುರುತು ಅಚ್ಚೊತ್ತಿದಂತಿತ್ತು. ಕೊಬ್ಬರಿ ಕಳೆದ ದಿನ ಈ ಕಡೆ ತುಂತುರು ಬಿದ್ದಿತ್ತು. ಮೊದಲು ಲಾರಿ ಬಂದಿತ್ತು, ಆಮೇಲೆ ಒಲೆಗುಂಡು ಕೂತಿತ್ತು. ತಿಪ್ಪೇರುದ್ರಪ್ಪ ಹೇಳಿದ್ದು ಅಕ್ಷರಕ್ಕಕ್ಷರ ನಿಜ.

"ಫೋಟೊ ತೆಗಿ. ಕೈ ಬಿಟ್ರೆ ಕಲ್ಲು ಅದರ ಮೇಲೇ ಬೀಳುತ್ತೆ" ಎಂದಳು ಶಿವಗಂಗಾ.

ಅನುಸೂಯ ತನ್ನ ಮೊಬೈಲಿನಲ್ಲಿ ತೆಗೆದಳು. ತೆಗೆದು, ಒಂದು ಗುರುತಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ, ಗಣಿಗೆ ಬರೋ ಯಾವ ಟಿಪ್ಪರ್‌ದೋ ಏನೋ ಎಂದು ಗೊಣಗಿದಳು. ಶಿವಗಂಗಾ ಕಲ್ಲನ್ನು ಪಕ್ಕಕ್ಕೆ ಇಳಿಸಿದಳು. ನಾಳೆ ಕಸ್ಟಡಿ ಅವಧಿ ಮುಗಿಯುತ್ತದೆ, ತಿಪ್ಪೇರುದ್ರಪ್ಪನನ್ನು ಮತ್ತೆ ಹೊಳಲ್ಕೆರೆ ಕೋರ್ಟಿಗೆ ಹಾಜರುಪಡಿಸಬೇಕು. ಅಲ್ಲಿಂದ ಜೈಲಿಗೆ ಹೋದ ಎಂದರೆ ಮುಗಿಯಿತು. ಲೋಡು ಮಾರಿಕೊಂಡ ಡ್ರೈವರು ಎಂದು ಒಮ್ಮೆ ಹೆಸರು ಬಿದ್ದವನ ಕೈಗೆ ಹಿರಿಯೂರಿನಿಂದ ಹುಬ್ಬಳ್ಳಿವರೆಗೆ ಯಾವ ಮಾಲೀಕನೂ ಸ್ಟೇರಿಂಗ್ ಕೊಡುವುದಿಲ್ಲ. ಅಷ್ಟರೊಳಗೆ ಈ ಮಂದೆಯ ಕುರಿಯವನು ಸಿಗಬೇಕು, ಯಾರು ಕರೆಸಿದರೆಂದು ಅವನು ಬಾಯಿ ಬಿಡಬೇಕು.

ಕುರಿಯವನು ಯಾರೆಂದು ಹುಡುಕುವ ಕಷ್ಟವನ್ನು ನೆಲವೇ ತಪ್ಪಿಸಿತು.

ಚೌಕದ ಮೂಲೆಯಲ್ಲಿ ಜಾಲಿಯ ಗೂಟವೊಂದು ಮುರಿದು ಬಿದ್ದಿತ್ತು. ಜಲ್ಲಿಗೆ ಹೊಡೆದರೆ ಮುರಿಯದೆ ಇನ್ನೇನಾದೀತು. ಅದರ ತಲೆಯ ಕೆಳಗೆ ಕುಡುಗೋಲಿನಿಂದ ಒಂದರ ಮೇಲೊಂದು ಎರಡು ಕಚ್ಚು ಹಾಕಿತ್ತು, ಕಚ್ಚಿನಲ್ಲಿ ಕರಿ ಕಂಬಳಿಯ ನೂಲು ಸುತ್ತಿತ್ತು. ಬಲೆಯ ಹಗ್ಗ ಜಾರಬಾರದೆಂದು ಹೀಗೆ ಮಾಡುವವರು ಅವಳಿಗೆ ಗೊತ್ತಿರುವಂತೆ ಒಬ್ಬರೇ. ಸಣ್ಣವಳಿದ್ದಾಗ ಆ ನೂಲನ್ನು ಅವಳೇ ಸುತ್ತಿಕೊಡುತ್ತಿದ್ದಳು.

ಆಮೇಲೆ ಶಿವಗಂಗಾ ಮಾಡಿದ್ದನ್ನು ಅವಳ ಪರವಾಗಿ ಸಮರ್ಥಿಸಲು ಯಾರಿಂದಲೂ ಆಗುವುದಿಲ್ಲ. ಅನುಸೂಯ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಆ ಗೂಟದ ತುಂಡನ್ನು ಪ್ಯಾಂಟಿನ ಜೇಬಿಗೆ ತುರುಕಿದಳು. ಸಾಕ್ಷ್ಯ ಮುಚ್ಚಿಟ್ಟವರನ್ನು ಹಿಡಿಯುವ ನೌಕರಿ ಅವಳದು.

ಊರ ಮುಂದಿನ ಚಹಾದಂಗಡಿಯಲ್ಲಿ ಕೇಳಿದಾಗ, ಆದಿವಾಲದ ಕಡೆಯ ಮಂದೆಯೊಂದು ಕೆರೆ ಹಿಂದಿನ ರಾಗಿ ಹೊಲದಲ್ಲಿ ಇಳಿದಿದೆ ಎಂದರು. ರಸ್ತೆ ಮುಗಿಯುವ ಕಡೆ, ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿ ಅನುಸೂಯಳನ್ನು ಅಲ್ಲೇ ಇರಲು ಹೇಳಿದಳು. ತಾನೊಬ್ಬಳೇ ವಿಚಾರಿಸಿ ಬರುತ್ತೇನೆ, ಖಾಕಿ ಜಾಸ್ತಿ ಕಂಡರೆ ಕುರಿಯವರು ಹೆದರುತ್ತಾರೆ ಎಂದಳು. ಅನುಸೂಯ ನಕ್ಕು ತಲೆಯಾಡಿಸಿದಳು.

ರಾಗಿ ಕೂಳೆಯ ನಡುವೆ ಅವಳ ಅಪ್ಪ ಸಣ್ಣಪ್ಪ ಕುಂತಿದ್ದ. ಒಂದು ಹೆಣ್ಣು ಕುರಿಯನ್ನು ತೊಡೆಯ ಮೇಲೆ ಕೆಡವಿಕೊಂಡು ಅದರ ಗೊರಸಿಗೆ ಅರಿಶಿನ, ಬೇವಿನೆಣ್ಣೆ ಹಚ್ಚುತ್ತಿದ್ದ. ಖಾಕಿ ಕಂಡು ಗಡಬಡಿಸಿ ಎದ್ದವನು ಮಗಳನ್ನು ಗುರುತು ಹಿಡಿದ. ಗುರುತು ಹಿಡಿದು ನಗಲಿಲ್ಲ, ಮೊದಲು ಅವಳ ಬೆನ್ನ ಹಿಂದೆ ನೋಡಿದ.

"ಜತೀಗೆ ಯಾರಾರ ಬಂದಾರ?"

"ಇಲ್ಲ."

"ಹಂಗಾರೆ ಕುಂತ್ಕ ಬಾರವ್ವ" ಎಂದು ಹೆಗಲ ಕಂಬಳಿಯನ್ನು ಇಳಿಸಿ ಹಾಸಿದ.

ಶಿವಗಂಗಾಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಇಷ್ಟು ಕಲಿಸಿದವಳು ಅವಳೇ. ಹೋದ ವರ್ಷ ಅವನು ಇದೇ ಕಂಬಳಿ ಹೊದ್ದು, ಒಂದು ಗಿಂಡಿ ಕುರಿ ಹಾಲು ಹಿಡಿದು ಠಾಣೆಗೆ ಬಂದಿದ್ದ. ಯಾರೋ ದೂರು ಕೊಡುವವರು ಎಂದು ಸಿಬ್ಬಂದಿಗೆ ಹೇಳಿ, ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿ, ಕಳಿಸಿದ್ದಳು. ಅವನು ಏನೂ ಕೇಳಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ.

ಅವಳು ಕೂರದೆ, ಪೊಲೀಸರ ದನಿಯಲ್ಲೇ ಶುರುಮಾಡಿದಳು. ಜೇಬಿನಿಂದ ಗೂಟದ ತುಂಡು ತೆಗೆದು ತೋರಿಸಿ, ಕಲ್ಲುಗಣಿ ಹತ್ತಿರ ಮಂದೆ ತರುಬಿದ್ದು ನೀನೇನಾ ಎಂದು ಕೇಳಿದಳು.

ಸಣ್ಣಪ್ಪನ ಮುಖ ಅರಳಿತು. "ಹೂಂ ಮತ್ತೆ. ಎಲ್ಡು ರಾತ್ರಿ ನಿಲ್ಸಿದೆ. ಸಾಕಾತಾ? ಇನ್ನೊಂದು ರಾತ್ರಿ ಬೇಕಾದ್ರೆ ನಿಲ್ಲಿಸ್ತೀನಿ, ಇವು ಎಲ್ಡರ ಕಾಲು ಒಂಚೂರು ವಾಸಿಯಾಗ್ಲಿ."

"ಯಾರಿಗೆ ಸಾಕಾತಾ?"

"ನಿಂಗೆ. ನೀನೇ ಹೇಳಿ ಕಳ್ಸಿದ್ದೆಲ್ಲವ್ವ."

ಶಿವಗಂಗಾ ಕಂಬಳಿಯ ಮೇಲೆ ಕುಂತಳು. ಸಣ್ಣಪ್ಪ ಖುಷಿಯಲ್ಲಿ ಹೇಳುತ್ತಲೇ ಹೋದ. ಬೈಕಿನಲ್ಲಿ ಒಬ್ಬ ಬಂದಿದ್ದನಂತೆ. ಮಾಸ್ಕು ಹಾಕಿದ್ದನಂತೆ, ಪ್ಯಾಂಟು ಶರಟಿನವನು. ದೊಡ್ಡ ಸಾಹೇಬರು ಆ ಬಯಲಿನಲ್ಲಿ ಸಸಿ ನೆಡಿಸುತ್ತಾರೆ, ಗೊಬ್ಬರ ಬೇಕಾಗಿದೆ, ಅಪ್ಪನ ಮಂದೆಯೇ ಆಗಲಿ ಎಂದು ಮಗಳು ಹೇಳಿ ಕಳಿಸಿದ್ದಾಳೆ ಎಂದನಂತೆ. ರೊಕ್ಕ ಕೊಡಲು ಬಂದಾಗ ಸಣ್ಣಪ್ಪ ಮುಟ್ಟಲಿಲ್ಲವಂತೆ.

"ಜಲ್ಲಿ ಮ್ಯಾಲೆ ತರುಬಿದ್ರೆ ಕಾಲು ಹರೀತವೆ ಅಂತ ನಂಗೆ ಗೊತ್ತಿಲ್ದೇನು? ಗೊತ್ತಿತ್ತು. ಸಸಿ ಅಲ್ಲಿ ಬದುಕಲ್ಲ ಅಂತನೂ ಗೊತ್ತಿತ್ತು. ಆದ್ರೆ ನೌಕರಿ ಆದ್ಮ್ಯಾಲೆ ನೀನು ನನ್ನ ಒಂದು ಕೇಳಿದ್ದು ಇದೇ ಮೊದ್ಲು. ಹೆಂಗೆ ಇಲ್ಲ ಅನ್ಲಿ."

ನಾಚಿಕೆಯೆಂದರೆ ಏನೆಂದು ಅಲ್ಲಿಯವರೆಗೆ ಅವಳಿಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದುಕೊಂಡಿದ್ದಳಷ್ಟೆ. ಅವಳು ಅಪ್ಪನನ್ನು ದೂರ ಇಟ್ಟ ಜಾಗವನ್ನು ಯಾರೋ ಪತ್ತೆ ಹಚ್ಚಿ, ಅದರೊಳಗೆ ಸಲೀಸಾಗಿ ಕಾಲಿಟ್ಟಿದ್ದರು. ಅವಳು ದಿನಾ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವ ಮಗಳಾಗಿದ್ದರೆ ಈ ಮೋಸ ಒಂದು ಗಳಿಗೆಯೂ ನಡೆಯುತ್ತಿರಲಿಲ್ಲ.

"ನಾನೇ ಹೇಳಿ ಕಳಿಸಿದ್ದು ಅಂತ ಹೆಂಗೆ ನಂಬಿದೆ ಅಪ್ಪ? ಯಾರು ಬೇಕಾದ್ರೂ ಎಸ್ಐ ಮೇಡಂ ಹೇಳಿದ್ರು ಅನ್ನಬಹುದು."

"ಅವನು ಎಸ್ಐ ಗಿಸ್ಐ ಅನ್ಲಿಲ್ಲ. 'ನಿಮ್ಮ ಗಂಗಿ ಹೇಳೇಳೆ' ಅಂದ. ಹೊರಗಿನೋರಿಗೆ ಆ ಹೆಸ್ರು ಹೆಂಗೆ ಗೊತ್ತಿರ್ತತೆ?"

ಹೊರಗಿನವರಿಗೆ ಗೊತ್ತಿರಲಿಲ್ಲ. ಹಟ್ಟಿ ಬಿಟ್ಟರೆ ಆ ಹೆಸರು, ಆ ಹೆಸರಿನ ಹಿಂದಿನ ಅಪ್ಪ, ಅಪ್ಪನ ಮಂದೆ, ಇಷ್ಟನ್ನೂ ಅವಳು ಒಬ್ಬರಿಗೆ ಮಾತ್ರ ಹೇಳಿದ್ದಳು. ಚುನಾವಣೆ ಬಂದೋಬಸ್ತಿಗೆ ಸಿರಿಗೆರೆಗೆ ಹೋಗಿದ್ದಾಗ, ಒಂದೇ ಕೋಣೆಯಲ್ಲಿ ಜಮಖಾನ ಹಂಚಿಕೊಂಡು ಮಲಗಿದ್ದಾಗ, ಮನಸ್ಸು ತಡೆಯದೆ. ಯಾರಿಗೂ ಹೇಳಬೇಡ ಎಂದು ಕೈ ಮೇಲೆ ಕೈ ಇಟ್ಟು ಮಾತು ತೆಗೆದುಕೊಂಡಿದ್ದಳು.

ಕೂಳೆ ತುಳಿಯುವ ಸದ್ದಾಯಿತು. ಆ ಒಬ್ಬಳೇ, ಅನುಸೂಯ, ಪ್ಯಾಡು, ಪೆನ್ನು ಹಿಡಿದು ಬರುತ್ತಿದ್ದಳು.

ಸಣ್ಣಪ್ಪ ಥಟ್ಟನೆ ಎದ್ದು, ಮಗಳಿಂದ ಹತ್ತು ಮಾರು ಹಿಂದೆ ಸರಿದು, ಕುರಿಗಳ ನಡುವೆ ಕೈಕಟ್ಟಿ ನಿಂತುಬಿಟ್ಟ. ಅಪರಿಚಿತನಂತೆ ನಿಂತ. ಯಾರೂ ಹೇಳಿಕೊಡದೆ, ಅಷ್ಟು ಚೆನ್ನಾಗಿ.

"ತಡ ಆತಲ್ಲ ಮೇಡಂ, ಹೇಳಿಕೆ ಬರ್ಕಂಬಿಡಾಣ ಅಂತ ಬಂದೆ" ಎನ್ನುತ್ತ ಅನುಸೂಯ, ಶಿವಗಂಗಾ ಏನಾದರೂ ಅನ್ನುವುದರೊಳಗೆ ಮುದುಕನ ಕಡೆ ತಿರುಗಿದಳು. ಮಂದೆ ತರುಬಿದ್ದು ನಿಜವೇ ಎಂದು ಕೇಳಿದಳು. ನಿಜ ಎಂದ. ಕರೆಯಲು ಬಂದವನ ಹೆಸರು ಕೇಳಿದಳು. ಗೊತ್ತಿಲ್ಲ ಎಂದ. ಬೈಕ್ ನಂಬರು, ಮುಖದ ಗುರುತು, ಎರಡೂ ಗೊತ್ತಿರಲಿಲ್ಲ.

"ಯಾರು ಹೇಳಿ ಕಳಿಸಿದ್ದು ಅಂದ ಅಜ್ಜ?"

ಜೀವಮಾನದಲ್ಲಿ ಸುಳ್ಳು ಹೇಳಿ ರೂಢಿಯಿಲ್ಲದ ಸಣ್ಣಪ್ಪ ಮಗಳ ಮುಖವನ್ನೇ ನೋಡಿದ. ಹೇಳಲೋ ಬೇಡವೋ ಎಂದು ಆ ಕಣ್ಣು ಕೇಳುತ್ತಿತ್ತು.

ಶಿವಗಂಗಾ ಎದ್ದಳು. ಹೇಳಬೇಡ ಎಂದರೆ ತಿಪ್ಪೇರುದ್ರಪ್ಪ ನಾಳೆ ಜೈಲಿಗೆ. ಹೇಳು ಎಂದರೆ ಹೇಳಿಕೆಯಲ್ಲಿ ತನ್ನ ಹೆಸರು. ತಿಪ್ಪಮ್ಮನ ಮಾತು ಕಿವಿಯಲ್ಲಿತ್ತು. ಅವಳು ಹೋಗಿ ಅಪ್ಪನ ಪಕ್ಕ, ಭುಜಕ್ಕೆ ಭುಜ ತಾಗುವಂತೆ ನಿಂತಳು.

"ಇವರು ನಮ್ಮಪ್ಪ. ಹೇಳಪ್ಪ, ನಡೆದಿದ್ದು ನಡೆದ ಹಂಗೆ ಹೇಳು."

ಸಣ್ಣಪ್ಪ ಅನುಸೂಯಳ ಕಡೆ ತಿರುಗಿ, ಎದೆಯುಬ್ಬಿಸಿ ಹೇಳಿದ: "ನನ್ನ ಮಗಳು ಗಂಗಿ ಹೇಳಿ ಕಳ್ಸೇಳೆ ಅಂದ. ಅದಕ್ಕೇ ನಿಲ್ಸಿದೆ."

ಅನುಸೂಯ ಬರೆದುಕೊಂಡಳು. ಆತುರವಿಲ್ಲದೆ, ಗುಂಡಗಿನ ಅಕ್ಷರದಲ್ಲಿ.

"ಒಲೆಗುಂಡಿನ ಕೆಳಗಿನ ಚಕ್ರದ ಫೋಟೊ ನನ್ನ ಮೊಬೈಲಿಗೆ ಕಳಿಸು, ಈಗಲೇ" ಎಂದಳು ಶಿವಗಂಗಾ.

"ಯಾವ ಫೋಟೊ ಮೇಡಂ?"

ಅನುಸೂಯಳ ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಅವಳ ಬೂಟಿನ ಮೇಲೆ ಜಲ್ಲಿಯ ಬಿಳಿ ಪುಡಿ ಹೊಸದಾಗಿ ಮೆತ್ತಿತ್ತು. ಬೇವಿನ ಮರದ ಕೆಳಗೆ ಜೀಪು ಮುಖ ತಿರುಗಿಸಿ ನಿಂತಿತ್ತು. ಇವರು ಮಾತಾಡುತ್ತಿದ್ದ ಹೊತ್ತಿನಲ್ಲಿ ಅದು ಕಲ್ಲುಗಣಿಗೆ ಹೋಗಿ ಬಂದಿತ್ತು. ಚಕ್ರದ ಗುರುತು ಇನ್ನು ಅಲ್ಲಿರುವುದಿಲ್ಲ.

"ಬೈಕಿನವನಿಗೆ ಹೆಸರಿಲ್ಲ. ಈ ಕಾಗದದಾಗೆ ಇರೋ ಹೆಸರು ನಿಮ್ಮದೊಂದೇ" ಎಂದಳು ಅನುಸೂಯ, ಪ್ಯಾಡನ್ನು ಕಂಕುಳಿಗೆ ಸೇರಿಸುತ್ತ. "ಇದು ಮೇಲಿನೋರಿಗೆ ಹೋದ್ರೆ ಸಂಜೆಯೊಳಗೆ ಕೇಸು ನಿಮ್ಮ ಕೈಯಿಂದ ಹೋಗ್ತತೆ. ನಾಳೆ ತಿಪ್ಪೇರುದ್ರಪ್ಪನ್ನ ಕೋರ್ಟಿಗೆ ಕರ್ಕಂಡು ಹೋಗೋ ಡ್ಯೂಟಿ ನಂದೇ. ದಾರೀಲಿ ಅವನು ಏನೇನು ಒಪ್ಕಂತಾನೋ. ಕಳಿಸ್ಲೋ ಹರೀಲೋ, ನೀವೇ ಹೇಳ್ರಿ."

ಕಳಿಸಿದರೆ ತಿಪ್ಪೇರುದ್ರಪ್ಪ ಅನುಸೂಯಳ ಕೈಗೆ. ಹರಿದರೆ ಅವನು ಕಳ್ಳನಾಗಿಯೇ ಜೈಲಿಗೆ.

ಸಣ್ಣಪ್ಪನಿಗೆ ಇಬ್ಬರ ಮಾತೂ ಪೂರ್ತಿ ತಿಳಿಯಲಿಲ್ಲ. ಮಗಳ ಮುಖ ತಿಳಿಯಿತು. ಎಣ್ಣೆ ಹತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಖಾಕಿ ತೋಳನ್ನು ಮುಟ್ಟಿಯೂ ಮುಟ್ಟದ ಹಾಗೆ ಮುಟ್ಟಿ, ಮೆಲ್ಲಗೆ ಕೇಳಿದ.

"ನಾನೇನಾರ ತಪ್ಪು ಹೇಳಿದ್ನಾ, ಗಂಗಿ?"